ಮುದಿ ಬೆಕ್ಕುಗಳ ಮಾತ್ರೆಯಕ್ಕ

ಬೀದಿದೀಪ ಇನ್ನೂ ಆರಿಲ್ಲ. ದರ್ಜಿಯ ಮನೆಯ ಬಾಗಿಲು ತೆರೆದದ್ದೇ ತಡ, ಕಂದು ಬಣ್ಣದ ಮುದಿ ಬೆಕ್ಕೊಂದು ಬಾಲ ನಿಗುರಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗುತ್ತ ಓಡಿ ಬಂದು ಬಂದವರ ಕಾಲಿಗೆ ಸುತ್ತಿಕೊಳ್ಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಈ ಹೆಂಗಸಿನ ಮುಖ ಮಾತ್ರ ಬಿಗಿಯುತ್ತದೆ.

“ಏನೇ ಉಂಡೆ, ನನ್ನ ಮೇಲೆ ಯಾವಾಗಿಂದ ಇಷ್ಟು ಪ್ರೀತಿ?” ಎಂದು ಬೆಕ್ಕನ್ನೇ ಕೇಳುತ್ತಾರೆ. ಉತ್ತರಕ್ಕೆ ಕಾಯದೆ ಅಡುಗೆಮನೆಯೊಳಗೆ ಇಣುಕುತ್ತಾರೆ. ಬೆಕ್ಕಿನ ತಟ್ಟೆ ತೊಳೆದಿಟ್ಟ ಹಾಗೆ ಹೊಳೆಯುತ್ತಿದೆ. ನೀರಿನ ಬಟ್ಟಲು ಬರಿದಾಗಿದೆ.

ಸುತ್ತಲಿನ ಬೀದಿಗಳಲ್ಲಿ ಇವರು ಮಾತ್ರೆಯಕ್ಕ. ಥೈರಾಯ್ಡ್ ಅಂಕೆ ಮೀರಿದ ಮುದಿ ಬೆಕ್ಕುಗಳಿಗೆ ಮನೆಮನೆಗೆ ಹೋಗಿ ಮಾತ್ರೆ ನುಂಗಿಸುವುದು ಇವರ ಕಸುಬು. ಹೀಗೊಂದು ಕಸುಬು ಇದೆಯೆಂದರೆ ಬೆಕ್ಕಿಲ್ಲದವರು ನಂಬುವುದಿಲ್ಲ. ಒಮ್ಮೆಯಾದರೂ ಬೆಕ್ಕಿನ ಬಾಯಿ ತೆರೆಸಲು ಹೊರಟವರು ಇವರ ಫೋನ್ ನಂಬರನ್ನು ಗೋಡೆಗೆ ಅಂಟಿಸಿಕೊಂಡಿರುತ್ತಾರೆ.

ಕತ್ತಿನ ಆ ಪುಟ್ಟ ಗ್ರಂಥಿ ಅತಿಯಾಗಿ ದುಡಿಯತೊಡಗಿದರೆ ಬೆಕ್ಕು ತಿನ್ನುತ್ತಲೇ, ನೀರು ಕುಡಿಯುತ್ತಲೇ ಇರುತ್ತದೆ, ತಿಂದರೂ ಕರಗುತ್ತದೆ. ಎದೆ ಡವಗುಟ್ಟುತ್ತದೆ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು. ಸಾಮಾನ್ಯವಾಗಿ ಬದುಕಿರುವಷ್ಟು ಕಾಲವೂ. ನಡುನಡುವೆ ರಕ್ತ ಪರೀಕ್ಷೆ ಮಾಡಿ ಪ್ರಮಾಣ ಹೆಚ್ಚುಕಮ್ಮಿ ಮಾಡುವುದು ಪಶುವೈದ್ಯೆಯ ಕೆಲಸ. “ಎಷ್ಟು ಕೊಡಬೇಕು ಅನ್ನೋದು ಡಾಕ್ಟರಮ್ಮನ ತಲೆನೋವು. ಹೊಟ್ಟೆಗೆ ಹೋಯ್ತಾ ಅನ್ನೋದು ನನ್ನ ತಲೆನೋವು,” ಎನ್ನುತ್ತಾರೆ ಅಕ್ಕ.

ಅದೇ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಅಕ್ಕ ಬೋನು ತೊಳೆಯುವ ಕೆಲಸಕ್ಕೆ ಸೇರಿದ್ದು ಗಂಡನ ಕಾರ್ಖಾನೆ ಮುಚ್ಚಿದ ವರ್ಷ. ಕೆರಳಿ ನಿಂತ ಬೆಕ್ಕನ್ನು ಟವೆಲಿನಲ್ಲಿ ಹಸುಗೂಸಿನ ಹಾಗೆ ಸುತ್ತಿ ಎತ್ತಿಕೊಂಡಿದ್ದನ್ನು ನೋಡಿ ಡಾಕ್ಟರಮ್ಮನೇ ಈ ದಾರಿಗೆ ಹಚ್ಚಿದರು. ಮೊದಮೊದಲು ಮೊಣಕೈಯವರೆಗೂ ಗೀರು. “ಬಸ್ಸಲ್ಲಿ ಪಕ್ಕದವರು, ಮನೇಲಿ ಜಗಳಾನಾ ಅಂತ ಕೇಳೋರು. ಹೂಂ, ಏಳು ಮನೇಲಿ ಅಂತ ಹೇಳಿ ಇಳಿದುಬಿಡ್ತಿದ್ದೆ.”

ಈಗಲೂ ಬೆಳಗಾದರೆ ಏಳು ಮನೆ. ಸಂಜೆಯ ಮಾತ್ರೆ ಮನೆಯವರ ಪಾಲಿಗೆ. ಗಂಡನಿಗೆ ಒಂದೇ ದೂರು: “ನನಗೆ ಜ್ವರ ಬಂದ್ರೆ, ಮಾತ್ರೆ ಮೇಜಿನ ಮೇಲಿದೆ ನೋಡಿ ಅಂತಾಳೆ. ಬೆಕ್ಕಿಗಾದ್ರೆ ಮಡಿಲಲ್ಲಿ ಕೂರಿಸ್ಕೊಂಡು ಗಂಟಲು ಸವರ್ತಾಳೆ.” ಅಕ್ಕ ತಿರುಗಿ ನೋಡುವುದೂ ಇಲ್ಲ. “ನೀವು ಉಗುಳಿ ಸೋಫಾ ಹಿಂದೆ ಬಚ್ಚಿಡಿ, ನಿಮಗೂ ಸವರ್ತೀನಿ.”

ದರ್ಜಿಯ ಮನೆಯಲ್ಲಿ ಅಕ್ಕ ಕೈಗವಸು ಹಾಕಿಕೊಳ್ಳುತ್ತಾರೆ. (“ಅದರ ಮದ್ದು ಅದಕ್ಕೇ ಇರಲಿ, ನನ್ನ ಥೈರಾಯ್ಡ್ ತನ್ನ ಪಾಡಿಗೆ ಚೆನ್ನಾಗಿದೆ.”) ಮಡಿಲಿಗೆ ಬಂದ ಬೆಕ್ಕಿನ ಮೂತಿ ಮೇಲಕ್ಕೆ, ನಾಲಗೆಯ ಬುಡಕ್ಕೆ ಮಾತ್ರೆ, ಬಾಯಿ ಮುಚ್ಚಿ ಗಂಟಲು ಸವರಿ, ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಿಂದ ಒಂದು ಗುಟುಕು ನೀರು. ಮಾತ್ರೆ ಗಂಟಲಲ್ಲಿ ಅಂಟಿ ಕೂರಬಾರದಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅಕ್ಕ ಬೆಕ್ಕನ್ನು ಬಿಡುವುದಿಲ್ಲ. ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಎದೆಬಡಿತ ನೋಡುತ್ತಾರೆ.

“ಅಣ್ಣಾ, ನಿನ್ನೆ ಸಂಜೆ ಮಾತ್ರೆ ಕೊಟ್ರಾ?”

“ಕೊಟ್ಟೆ ಅಂತಲೇ ಅನ್ನಿ,” ಎನ್ನುತ್ತಾನೆ ದರ್ಜಿ, ಸೂಜಿಗೆ ದಾರ ಪೋಣಿಸುತ್ತ. ಸೂಜಿಯ ಕಣ್ಣು ಇದ್ದಕ್ಕಿದ್ದಂತೆ ಬಹಳ ಚಿಕ್ಕದಾಗಿದೆ.

“ನಾನು ಅನ್ನೋದಲ್ಲ. ಕೊಟ್ಟಿದ್ರೆ ಇವಳು ಬಾಗಿಲವರೆಗೂ ಓಡಿ ಬರ್ತಿರಲಿಲ್ಲ.”

ದರ್ಜಿ ಸೂಜಿ ಕೆಳಗಿಡುತ್ತಾನೆ. ಹೆಂಡತಿ ಹೋದಮೇಲೆ ಮನೆಯಲ್ಲಿ ಅವನ ಮಾತು ಕೇಳಿಸಿಕೊಳ್ಳುವ ಜೀವ ಇದೊಂದೇ. ಮರಿಯಾಗಿದ್ದಾಗ ದಾರದುಂಡೆಯಷ್ಟೇ ಇತ್ತು, ಅದಕ್ಕೇ ಆ ಹೆಸರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾರಿ ಕೂರುವುದು ಅದರ ಚಾಳಿ; ವಯಸ್ಸಾದಂತೆ ಅದೂ ನಿಂತುಹೋಗಿತ್ತು.

“ಕಾಯಿಲೆ ಅಂತ ಗೊತ್ತಾಗೋ ಮುಂಚೆ ಅವಳು ಮತ್ತೆ ಮೇಜಿಗೆ ಹಾರ್ತಿದ್ಲು ಅಕ್ಕಾ. ನಾನು ಖುಷಿಪಟ್ಟಿದ್ದೆ, ಹುಡುಗಿಯಾಗಿಬಿಟ್ಲು ಅಂತ. ಮಾತ್ರೆ ಶುರುವಾದ್ಮೇಲೆ ದಿಂಬಿನ ಮೇಲೆ ಬಿದ್ದಿರ್ತಾಳೆ. ಮುದುಕಿ ಹಾಗೆ.”

“ಮುದುಕೀನೇ ತಾನೆ?”

“ಅದು ನನಗೆ ನೋಡೋಕಾಗಲ್ಲ. ಅದಕ್ಕೇ ಸಂಜೇದು ಬಿಟ್ಟೆ.”

ಈ ಕಾಯಿಲೆ ಹೀಗೇ ಮೋಸ ಮಾಡುತ್ತದೆ: ನೋಡುವವರ ಕಣ್ಣಿಗೆ ಯೌವನದ ವೇಷ ಹಾಕಿಕೊಂಡು ಬರುತ್ತದೆ. ಅಕ್ಕ ಬೈಯುವುದಿಲ್ಲ. ದರ್ಜಿಯ ಕೈ ಹಿಡಿದೆಳೆದು ಬೆಕ್ಕಿನ ಎದೆಯ ಮೇಲೆ ಇಡುತ್ತಾರೆ.

“ನಿಮ್ಮ ಮಿಷನ್ ಹೀಗೆ ಬಿಡುವಿಲ್ಲದೆ ಓಡಿಸಿದ್ರೆ ಏನಾಗುತ್ತೆ ಅಣ್ಣಾ?”

ದರ್ಜಿ ಕೈ ತೆಗೆಯುವುದಿಲ್ಲ. “ಬೆಲ್ಟ್ ಕಿತ್ತುಹೋಗುತ್ತೆ,” ಎನ್ನುತ್ತಾನೆ ಕೊನೆಗೆ. ಆಮೇಲೆ ಗಾಬರಿ: “ಬಿಟ್ಟಿದ್ದೆಲ್ಲ ಸೇರಿಸಿ ಈಗಲೇ ಕೊಟ್ಟುಬಿಡೋಣ?”

“ಸಾಲ ತೀರಿಸೋ ಹಾಗೆ ಕೊಡೋದಲ್ಲ ಅದು. ಡಾಕ್ಟರಮ್ಮನ್ನ ಕೇಳೋಣ. ಸಂಜೆ ನಾನೂ ಬರ್ತೀನಿ, ನೀವು ಕೊಡಿ, ನಾನು ನೋಡ್ತೀನಿ.”

“ದಿನಾನಾ?”

“ನಿಮಗೆ ಬೇಜಾರಾಗೋವರೆಗೂ.”

ಹೇಳಿದಂತೆ ಬರುತ್ತಾರೆ. ಡಾಕ್ಟರಮ್ಮ ಎರಡೂ ಹೊತ್ತು ಮೊದಲಿನಷ್ಟೇ ಕೊಡಿ ಎಂದು ಹೇಳಿ, ರಕ್ತ ಪರೀಕ್ಷೆಗೂ ಬರಹೇಳಿದ್ದಾರೆ. ಮೊದಲ ಸಂಜೆ ದರ್ಜಿಯ ಕೈ ತಪ್ಪಿ ಮಾತ್ರೆ ನೆಲಕ್ಕೆ. ಮರುಸಂಜೆ ಉಂಡೆ ನುಂಗಿದಂತೆ ನಟಿಸಿ, ಅಕ್ಕ ಚಪ್ಪಲಿ ಹಾಕಿಕೊಳ್ಳುವಾಗ ಉಗುಳುತ್ತದೆ. ಅಕ್ಕ ಚಪ್ಪಲಿ ಬಿಚ್ಚಿ ವಾಪಸು ಬರುತ್ತಾರೆ. ಮಳೆಯಲ್ಲೂ ಬರುತ್ತಾರೆ, ತಮಗೇ ಜ್ವರವಿದ್ದ ದಿನ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತು ನೋಡುತ್ತಾರೆ. ದರ್ಜಿಗೆ ಬೇಜಾರಾಗುವ ಮೊದಲು ಕೈ ಪಳಗುತ್ತದೆ. ಒಂದು ದಿನ ಅವನೇ, “ನಾಳೆ ಸಂಜೆ ನೀವು ಮನೇಲಿರಿ ಅಕ್ಕಾ,” ಎನ್ನುತ್ತಾನೆ. ಮುಂದಿನ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮ ತಲೆದೂಗುತ್ತಾರೆ. ತೂಕವೂ ಏರುತ್ತಿದೆ.

ಮತ್ತೊಂದು ಬೆಳಗು. ಕತ್ತರಿಸುವ ಮೇಜಿನ ಪಕ್ಕದಲ್ಲಿ ಒಂದು ಸ್ಟೂಲ್ ಹೊಸದಾಗಿ ಬಂದಿದೆ, ಅದರ ಮೇಲೆ ಮೆತ್ತೆ ಹೊಲಿದು ಹಾಸಿದೆ. ನೆಲದಿಂದ ಸ್ಟೂಲಿಗೆ, ಸ್ಟೂಲಿನಿಂದ ಮೇಜಿಗೆ: ಮುದುಕಿಯರೂ ಏರಬಹುದಾದ ದಾರಿ. ಉಂಡೆ ಅಳತೆಪಟ್ಟಿಯ ಮೇಲೆ ಮೈಚೆಲ್ಲಿ ಮಲಗಿದೆ. ಬಾಗಿಲ ಸದ್ದಿಗೆ ಒಂದು ಕಣ್ಣು ತೆರೆದು, ಬಂದವರು ಯಾರೆಂದು ನೋಡಿ, ಮುಖ ತಿರುಗಿಸಿ ಮತ್ತೆ ಕಣ್ಣು ಮುಚ್ಚುತ್ತದೆ.

“ನೋಡಿ, ಎಷ್ಟು ಸೊಕ್ಕು,” ಎನ್ನುತ್ತಾನೆ ದರ್ಜಿ, ನಾಚಿಕೊಂಡು.

ಅಕ್ಕ ಕೈಗವಸು ಎಳೆದುಕೊಳ್ಳುತ್ತಾರೆ. “ಇರಲಿ ಬಿಡಿ ಅಣ್ಣಾ. ಏಳು ಮನೇಲೂ ನನಗೆ ಇಷ್ಟೇ ಮರ್ಯಾದೆ ಸಿಕ್ಕಿದ್ರೆ ಸಾಕು.”