ಅಜ್ಜನ ಎರಡನೆಯ ಮದುವೆ

2024ರ ದೀಪಾವಳಿಗೆ ಇನ್ನು ಹತ್ತು ದಿನಗಳಿದ್ದವು. ಕ್ವಾಲಾಲಂಪುರದ ಪಕ್ಕದ ಪುಚೊಂಗ್‌ನ ನಮ್ಮ ಮನೆಯ ಊಟದ ಮೇಜಿನ ಅರ್ಧವನ್ನು ಚಕ್ಕುಲಿ ಹಿಟ್ಟು ಆಕ್ರಮಿಸಿದ್ದರೆ ಉಳಿದರ್ಧವನ್ನು ಅಪ್ಪನ ಕಡತಗಳು ಆಕ್ರಮಿಸಿದ್ದವು. ಮಲೇಷ್ಯಾದಲ್ಲಿ ದೀರ್ಘಕಾಲ ನೆಲೆಸಲು ಅಪ್ಪ ಅರ್ಜಿ ಹಾಕಿದ್ದರು. ಅರವತ್ತು ವರ್ಷಗಳ ಹಿಂದೆ ಅಜ್ಜ ವೇಲ್ಸ್‌ನ ಉಕ್ಕಿನ ಕಾರ್ಖಾನೆಯೊಂದಕ್ಕೆ ತರಬೇತಿಗೆಂದು ಹೋಗಿದ್ದಾಗ ಅಲ್ಲಿಯೇ ಹುಟ್ಟಿದವರು ಅಪ್ಪ. ಅವರ ಬಳಿ ಇದ್ದದ್ದು ಅಲ್ಲಿನ ಚಿಕ್ಕ ಜನನ ಪ್ರಮಾಣಪತ್ರ. ಅದರಲ್ಲಿ ಹೆಸರು, ಹುಟ್ಟಿದ ದಿನ, ಊರು ಇವೆ. ತಂದೆ ತಾಯಿಯ ಹೆಸರಿಲ್ಲ. ಕಚೇರಿಯವರು ಕೇಳಿದ್ದು ತಂದೆ ತಾಯಿಯ ಹೆಸರಿರುವ ಪೂರ್ಣ ಪ್ರತಿಯನ್ನು.

"ನೀ ಇತಿಹಾಸ ಓದಿದಾಕಿ. ಇದನ್ನಷ್ಟು ಹುಡುಕಿಕೊಡು ನೋಡೋಣ," ಎಂದರು ಅಪ್ಪ.

ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಈಗ ಕ್ವಾಲಾಲಂಪುರದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೇನೆ. ರಬ್ಬರ್ ತೋಟಗಳ ಹಳೆಯ ಆಜ್ಞೆಗಳನ್ನು ಓದಿ, ಇದಕ್ಕೆ ಸಹಿ ಹಾಕಿದವರು ಯಾರು, ಉತ್ತರ ಕೊಡಬೇಕಾದವರು ಯಾರು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಅಪ್ಪನ ಒಂದು ಪ್ರಮಾಣಪತ್ರ ಹುಡುಕುವುದು ನನಗೆ ಕೆಲಸವೆಂದೇ ಅನ್ನಿಸಲಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರಿಂದ ಜನನ, ವಿವಾಹ, ಮರಣಗಳನ್ನು ಸರಕಾರವೇ ನೋಂದಾಯಿಸುತ್ತದೆ. ಆ ನೋಂದಣಿಗಳ ಸೂಚಿಗಳನ್ನು ಸ್ವಯಂಸೇವಕರು ಟೈಪು ಮಾಡಿ ಅಂತರಜಾಲಕ್ಕೆ ಏರಿಸಿದ್ದಾರೆ. ಸೂಚಿ ಎಂದರೆ ಪ್ರಮಾಣಪತ್ರವಲ್ಲ. ಒಂದೊಂದು ಹೆಸರಿಗೆ ಒಂದೊಂದು ಸಾಲು: ಅಡ್ಡಹೆಸರು, ಹೆಸರು, ಜಿಲ್ಲೆ, ಸಂಪುಟ, ಪುಟ. ಆ ಸಂಪುಟ ಮತ್ತು ಪುಟದ ಸಂಖ್ಯೆ ಕೊಟ್ಟು ದುಡ್ಡು ಕಟ್ಟಿದರೆ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಗೊಂದಲ ಮೊದಲ ಹುಡುಕಾಟದಿಂದಲೇ ಶುರುವಾಯಿತು. ಅಪ್ಪ ಹುಟ್ಟಿದ್ದು 1964ರ ಸೆಪ್ಟೆಂಬರ್‌ನಲ್ಲಿ. ಆ ಕಾಲದ ಸೂಚಿಗಳು ಮೂರು ತಿಂಗಳಿಗೊಂದರಂತೆ ಇವೆ. ಸೆಪ್ಟೆಂಬರಿಗೆ ಮುಗಿಯುವ ಸೂಚಿಯಲ್ಲಿ ಅಪ್ಪ ಇರಲೇ ಇಲ್ಲ! ಜೋನ್ಸ್‌ಗಳು ಪುಟಗಟ್ಟಲೆ ಇದ್ದರು, ಡೇವಿಸ್‌ಗಳು ಇದ್ದರು. ನಮ್ಮ ಧಾರವಾಡದಲ್ಲಿ ಓಣಿಗೆ ಹತ್ತು ಮನೆ ಇರುವ ಕುಲಕರ್ಣಿಗಳು ಮಾತ್ರ ಅಲ್ಲಿ ಒಬ್ಬರೂ ಇರಲಿಲ್ಲ. ಎರಡು ಸಂಜೆ ಕಳೆದ ಮೇಲೆ ಹೊಳೆಯಿತು, ಸೂಚಿ ನೋಡುವುದು ಹುಟ್ಟಿದ ದಿನವನ್ನಲ್ಲ, ನೋಂದಾಯಿಸಿದ ದಿನವನ್ನು. ಅಜ್ಜ ನೋಂದಣಿ ಕಚೇರಿಗೆ ಹೋದದ್ದು ಅಕ್ಟೋಬರಿನಲ್ಲಿ ಇರಬೇಕು. ಡಿಸೆಂಬರಿಗೆ ಮುಗಿಯುವ ಸೂಚಿ ತೆರೆದೆ. ಕುಲಕರ್ಣಿ, ಗುರುರಾಜ. ತಾಯಿಯ ತವರಿನ ಅಡ್ಡಹೆಸರು: ಇನಾಮದಾರ. ಅಪ್ಪನ ತಾಯಿ, ಈಗ ನಮ್ಮ ಜೊತೆಗೇ ಇರುವ ನಮ್ಮಜ್ಜಿ, ಇನಾಮದಾರರ ಮಗಳು. ನನಗೆ ಬೇಕಾದ ಸಾಲು ಸಿಕ್ಕಿತ್ತು. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಬರಿಯ ಕುತೂಹಲಕ್ಕೆ, ವಿವಾಹಗಳ ಸೂಚಿಯಲ್ಲೂ ಕುಲಕರ್ಣಿ ಎಂದು ಒತ್ತಿದೆ. ಅದೇ ಜಿಲ್ಲೆ, ಅದೇ ವರ್ಷ, ಜೂನಿಗೆ ಮುಗಿಯುವ ಮೂರು ತಿಂಗಳು. ಕುಲಕರ್ಣಿ, ವಾಸುದೇವ. ನಮ್ಮಜ್ಜ! ಧಾರವಾಡದಲ್ಲಿ 1960ರಲ್ಲೇ ಮದುವೆಯಾಗಿದ್ದ ಅಜ್ಜ, ಅಪ್ಪ ಹುಟ್ಟುವ ಕೆಲವೇ ತಿಂಗಳ ಮೊದಲು ವೇಲ್ಸ್‌ನಲ್ಲಿ ಮತ್ತೆ ಮದುವೆಯಾಗಿದ್ದರು. ವಧುವಿನ ಸಾಲನ್ನು ಹುಡುಕಿದೆ. ಅದೇ ಸಂಪುಟ, ಅದೇ ಪುಟ. ಇನಾಮದಾರ, ಗೋದಾವರಿ.

ನಮ್ಮಜ್ಜಿಯ ಹೆಸರು ಸುಮಿತ್ರಾ.

ಅಡುಗೆಮನೆಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಅಮ್ಮನನ್ನು ಕೇಳಿದೆ, "ಅಮ್ಮಾ, ಅಜ್ಜಿಗೆ ಅಕ್ಕತಂಗಿಯರು ಇದ್ರಾ?"

ಅಮ್ಮ ಮೈಸೂರಿನವರು. ಚಕ್ಕುಲಿ ಒತ್ತುತ್ತಲೇ ಹೇಳಿದರು, "ಒಬ್ಬಳು ತಂಗಿ ಇದ್ಲಂತೆ ಕಣೆ. ಬೇಗ ಹೋಗ್ಬಿಟ್ಲಂತೆ. ಅವರ ಮನೇಲಿ ಯಾರೂ ಆ ಮಾತೇ ಎತ್ತಲ್ಲ. ಹಬ್ಬದ ಹೊತ್ತಲ್ಲಿ ಅದೆಲ್ಲ ಯಾಕೀಗ?"

ಯಾರೂ ಮಾತೆತ್ತದ ತಂಗಿ. ನನ್ನ ತಲೆಯಲ್ಲಿ ಕತೆ ತಾನಾಗಿ ಕಟ್ಟಿಕೊಂಡಿತು. ಅಪ್ಪನ ಜನನದ ಸಾಲಿನಲ್ಲಿ ತಾಯಿಯ ತವರಿನ ಅಡ್ಡಹೆಸರಷ್ಟೇ ಇದೆ, ತಾಯಿಯ ಹೆಸರಿಲ್ಲ. ಇನಾಮದಾರ ಎಂದರೆ ಸುಮಿತ್ರಾ ಇನಾಮದಾರಳೂ ಆಗಬಹುದು, ಗೋದಾವರಿ ಇನಾಮದಾರಳೂ ಆಗಬಹುದು. ಮರಣಗಳ ಸೂಚಿಯನ್ನು ಅಜ್ಜ ಅಲ್ಲಿಂದ ಹೊರಟ ವರ್ಷದವರೆಗೂ ಎರಡೂ ಅಡ್ಡಹೆಸರುಗಳಲ್ಲಿ ಜಾಲಾಡಿದೆ. ಆ ಸೂಚಿಯ ಪ್ರಕಾರ ಗೋದಾವರಿ ಅಲ್ಲಿ ಸತ್ತಿರಲಿಲ್ಲ. ನಾನು ಕೇಳಿದಂತೆ ಧಾರವಾಡಕ್ಕೂ ಬಂದಿರಲಿಲ್ಲ. ಹಾಗಾದರೆ ಆ ಹೆಂಗಸು ಎಲ್ಲಿ ಹೋದಳು? ಅವಳ ಮಗುವನ್ನು ಅಕ್ಕನ ಮಡಿಲಿಗೆ ಹಾಕಿ, ಅವಳನ್ನು ಎಲ್ಲಿ ಬಿಟ್ಟು ಬಂದರು? ಉತ್ತರ ಕೊಡಬೇಕಾದ ಅಜ್ಜ ತೀರಿಕೊಂಡು ಹದಿನೆಂಟು ವರ್ಷಗಳಾಗಿದ್ದವು.

ಆ ಸಂಜೆ ಅಮ್ಮ ಅಜ್ಜಿಯನ್ನು ಕರೆದುಕೊಂಡು ಗುಡಿಗೆ ಹೋಗಿದ್ದರು. ಅಪ್ಪ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿ ತಂದ ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದರು. ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟು ಎಲ್ಲವನ್ನೂ ಹೇಳಿದೆ. ಒಂದು ಪ್ರಬಂಧ ಮಂಡಿಸುವ ಹಾಗೆ, ಸಾಲಿನ ಮೇಲೆ ಸಾಲು ತೋರಿಸಿ ಹೇಳಿದೆ.

ಅಪ್ಪ ಪರದೆಯ ಸಾಲುಗಳನ್ನು ಬೆರಳಿಟ್ಟು ಓದಿದರು. "ಅಂದ್ರ ನೀ ಏನ ಹೇಳ್ಲಿಕ್ಕೆ ಹತ್ತೀದಿ? ಅವ್ವ ನಮ್ಮವ್ವ ಅಲ್ಲ ಅಂತೇನು?"

"ನಾನು ಹೇಳ್ತಿಲ್ಲ ಅಪ್ಪ, ದಾಖಲೆ ಹೇಳ್ತಿದೆ. ಅಜ್ಜಿಯನ್ನು ಕೇಳಲೇಬೇಕು. ಒಬ್ಬ ಹೆಂಗಸು ಕಾಣೆಯಾಗಿದ್ದಾಳೆ. ಯಾರಾದರೂ ಉತ್ತರ ಕೊಡಬೇಕಲ್ಲ?"

"ಆಕಿಗೆ ಎಂಬತ್ಮೂರು ವರ್ಷ, ಮೇಧಾ. ಏನೂ ಕೇಳಬ್ಯಾಡ." ಪೊಟ್ಟಣವನ್ನು ಮತ್ತೆ ಮಡಚಿಟ್ಟು ಎದ್ದುಹೋದರು. ಆ ರೊಟ್ಟಿಯನ್ನು ಯಾರೂ ತಿನ್ನಲಿಲ್ಲ.

ಮುಂದಿನ ಮೂರು ದಿನ ಅಪ್ಪ ನನ್ನ ಮುಖ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಅಜ್ಜಿಯ ಮುಖವನ್ನು. ಅಜ್ಜಿ ಮಾತ್ರೆ ನುಂಗುವಾಗ, ಟಿವಿಯ ಮುಂದೆ ತೂಕಡಿಸುವಾಗ, ಆ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದರು. ಒಮ್ಮೆ ಬಚ್ಚಲುಮನೆಯ ಕನ್ನಡಿಯಲ್ಲಿ ತಮ್ಮ ಮೂಗನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಕಂಡೆನೆಂದು ತಿಳಿದು ಬಾಗಿಲು ಹಾಕಿಕೊಂಡರು. ಅಷ್ಟಾದರೂ, ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ತೀರ್ಮಾನಿಸಲಾಗಲಿಲ್ಲ. ಸತ್ಯವನ್ನು ಮುಚ್ಚಿಟ್ಟವರದು ತಪ್ಪೇ, ತೆರೆದವಳದೇ?

ನಾಲ್ಕನೆಯ ದಿನ ಹಬ್ಬದ ಸಾಮಾನಿಗೆಂದು ಅಜ್ಜಿಯೂ ನಾನೂ ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋದೆವು. ಹೂವು, ಎಣ್ಣೆ, ಬತ್ತಿ ಕೊಂಡಾದ ಮೇಲೆ ಅಜ್ಜಿಗೆ ಚಹಾ ಬೇಕಾಯಿತು. ಅಂಗಡಿಯ ಹೊರಗಿನ ಮೇಜಿಗೆ ಕೂತೆವು. ಚೀಲವನ್ನು ಕಾಲ ಬಳಿ ಇಟ್ಟು ಅಜ್ಜಿ ನೇರವಾಗಿ ಕೇಳಿದಳು.

"ಗುರ್ಯಾಗ ಏನಾಗೇದ? ಮೊನ್ನೆ ನನ್ನ ಕಾಲ ಹತ್ರ ಬಂದು ಕೂತು, 'ಅವ್ವಾ, ಯಾರು ಏನ ಅಂದ್ರೂ ನೀನ ನಮ್ಮವ್ವ' ಅಂದ. ಅರವತ್ತ ವರ್ಷದ ಗಂಡಸು! 'ಮತ್ತ ಇನ್ನ್ಯಾರಪಾ, ಎದುರಮನಿ ಚೀನೀ ಮುದುಕಿ ಏನು?' ಅಂದೆ. ನಗಲಿಲ್ಲ ಅಂವ. ಖರೆ ಹೇಳು, ನೀ ಏನ ಮಾಡೀದಿ?"

ಕೇಳಬೇಡವೆಂದು ಅಪ್ಪ ಹೇಳಿದ್ದರು. ಆದರೆ ಈಗ ಕೇಳುತ್ತಿದ್ದವಳು ಅಜ್ಜಿ. ಫೋನಿನಲ್ಲಿ ಆ ಸಾಲನ್ನು ದೊಡ್ಡದು ಮಾಡಿ ತೋರಿಸಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು.

"ಗೋದಾವರಿ ಇನಾಮದಾರ," ಎಂದಳು. ಬೆರಳಿನಿಂದ ಆ ಸಾಲನ್ನು ಮುಟ್ಟಿ, "ಇದು ಇನ್ನೂ ಅದ ಏನು, ಅಲ್ಲೆ?"

"ಯಾರಜ್ಜಿ ಈಕೆ? ನಿನ್ನ ತಂಗಿಯಾ?"

"ತಂಗಿ ಹ್ಯಾಂಗ ಆಗ್ತಾಳ? ನಮ್ಮ ಪದ್ಮಾ ನಾಕ ವರ್ಷದಾಕಿ ಇದ್ದಾಗ ಹೋದ್ಲು. ನಮ್ಮವ್ವ ಅಳ್ತಾಳಂತ ಯಾರೂ ಆಕಿ ಹೆಸರ ತಗೀತಿದ್ದಿಲ್ಲ."

"ಮತ್ತೆ ಇವಳು?"

"ಇಕಿ ನಾನ."

ನನಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಅಜ್ಜಿ ನಗಲು ಶುರುಮಾಡಿದಳು. "ನಿಮ್ಮಜ್ಜಗ ಇನ್ನೊಬ್ಬಾಕಿನ್ನ ಮಾಡಿಕೊಳ್ಳೋ ಧೈರ್ಯ ಎಲ್ಲಿತ್ತ? ಅಂಗಡ್ಯಾಗ ಬ್ರೆಡ್ಡು ಕೇಳ್ಲಿಕ್ಕೂ ನನ್ನ ಮುಂದ ಮಾಡ್ತಿದ್ರು."

ಆಮೇಲೆ ಅವಳು ಹೇಳಿದ್ದು ಇಷ್ಟು. ತವರಿನಲ್ಲಿ ಅವಳು ಗೋದಾವರಿ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಬಂಗಾರದ ಉಂಗುರದಿಂದ ಅಜ್ಜ ಅದರ ಮೇಲೆ 'ಸುಮಿತ್ರಾ' ಎಂದು ಬರೆದರು. ಅಂದಿನಿಂದ ಅವಳು ಸುಮಿತ್ರಾ. ಕಾರಣವೂ ಇತ್ತು. ಅತ್ತೆಯ ಹೆಸರೂ ಗೋದಾವರಿಯೇ. "ಸೊಸಿಗೆ ಬೈಬೇಕಂದ್ರ ಅತ್ತಿ ತನ್ನ ಹೆಸರ ಹಿಡದ ತಾನ ಬೈಕೋಬೇಕಾಗ್ತಿತ್ತು. ಅದ್ಹ್ಯಾಂಗ ನಡೀತದ?"

ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಕೈಯಲ್ಲಿದ್ದ ದಾಖಲೆ ಶಾಲೆಯ ಪ್ರಮಾಣಪತ್ರ ಒಂದೇ. ಅದರಲ್ಲಿದ್ದಂತೆ ಗೋದಾವರಿ ಇನಾಮದಾರ ಎಂದೇ ಪಾಸ್‌ಪೋರ್ಟ್ ಬಂತು. ಹೀಗೆ ವೇಲ್ಸ್‌ಗೆ ಹೋಗಿ ಇಳಿದವರು ಒಬ್ಬ ಕುಲಕರ್ಣಿ, ಒಬ್ಬಳು ಇನಾಮದಾರ. ಮದುವೆಯಾದದ್ದಕ್ಕೆ ಒಂದು ಚೀಟಿಯೂ ಇಲ್ಲ. ಅಜ್ಜಿ ಬಸುರಿಯಾದಳು.

"ಮನಿ ಮಾಲಕಿ ನನ್ನ ಹೊಟ್ಟಿ ನೋಡತಿದ್ಲು, ಆಮ್ಯಾಲ ಬೆರಳ ನೋಡತಿದ್ಲು, ಉಂಗುರ ಎಲ್ಲೆ ಅಂತ. ನಾ ತಾಳಿ ತೋರಿಸಿದ್ರ 'ಭಾಳ ಚೆಂದ ಅದ' ಅಂತಿದ್ಲು. ಎಷ್ಟ ಸಲ ತೋರಿಸಲಿ? ಕಂಪನಿಯವರೂ ಕಾಗದ ಕೇಳಿದ್ರು. ಕಡೀಕೆ ಅಲ್ಲೇ ನೋಂದಣಿ ಕಚೇರಿಗೆ ಹೋಗಿ, ಆದ ಗಂಡನ್ನ ಮತ್ತೊಮ್ಮೆ ಮಾಡಿಕೊಂಡೆ. ಐದು ತಿಂಗಳ ಬಸುರಿ ಮದಲಗಿತ್ತಿ!"

ಅಧಿಕಾರಿ ವಧುವಿನ ಹೆಸರು ಕೇಳಿದಾಗ ಅಜ್ಜ ರೂಢಿಯಂತೆ ಸುಮಿತ್ರಾ ಎಂದರಂತೆ. ಪಾಸ್‌ಪೋರ್ಟಿನಲ್ಲಿ ಬೇರೆ ಇದೆಯಲ್ಲ ಎಂದಾಗ, ಎರಡೂ ಹೆಸರು ಇವಳದೇ ಎಂದು ಬರೆದುಕೊಡಲು ಸಿದ್ಧರಾದರಂತೆ. ಬೇಡವೆಂದವಳು ಅಜ್ಜಿ.

"ಇದ ಹೆಸರಿಲೆ ಆಗ್ತೀನಿ ಅಂದೆ. ಯಾಕ ಅಂದೆನೋ ಗೊತ್ತಿಲ್ಲ. ನಾಕ ವರ್ಷ ಆಗಿತ್ತು, ಯಾರೂ ಆ ಹೆಸರಿಲೆ ಕರದಿದ್ದಿಲ್ಲ. ಆ ಸಾಹೇಬ ಕರದ. ಭಾಳ ಕೆಟ್ಟಾಗಿ ಕರದ. ಆದ್ರೂ ಕರದ."

ನನ್ನ ಸಿಟ್ಟು ಒಮ್ಮೆಲೇ ದಿಕ್ಕು ಬದಲಿಸಿತು. "ಅಂದ್ರೆ ನಿನ್ನ ಹೆಸರನ್ನೇ ಕಿತ್ತುಕೊಂಡ್ರು ಅಜ್ಜಿ! ಹತ್ತೊಂಬತ್ತು ವರ್ಷ ನಿನ್ನದಾಗಿದ್ದ ಹೆಸರು. ಇದಕ್ಕೆ ಯಾರು ಉತ್ತರ ಕೊಡ್ತಾರೆ?"

ಅಜ್ಜಿ ಚಹಾದ ಲೋಟ ಕೆಳಗಿಟ್ಟಳು. "ಮೊದಲ ನೀ ಗುರ್ಯಾಗ ಉತ್ತರ ಕೊಡು. ನಡಿ ಮನೀಗೆ."

ಮನೆಗೆ ಬಂದು ಅಪ್ಪನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನನಗ ಹೇಳೋಕಿಂತ ಮೊದಲ ಆಕಿನ್ನ ಒಂದ ಮಾತ ಕೇಳಬಹುದಿತ್ತಲ್ಲ, ಮೇಧಾ?"

ಹೌದು, ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲೇ ಇದ್ದಳು ಅಜ್ಜಿ. ಅವಳನ್ನು ಬಿಟ್ಟು ಜಗತ್ತಿನ ಇನ್ನೊಂದು ತುದಿಯ ಸಂಪುಟಗಳನ್ನು ಕೇಳಿದ್ದೆ ನಾನು.

ಹಬ್ಬ ಕಳೆದು ಕೆಲವು ವಾರಗಳಿಗೆ ಪ್ರಮಾಣಪತ್ರ ಬಂತು. ತಾಯಿಯ ಹೆಸರಿನ ಜಾಗದಲ್ಲಿ ಗೋದಾವರಿ ಕುಲಕರ್ಣಿ, ಹಿಂದೆ ಇನಾಮದಾರ ಎಂದಿತ್ತು. ಆಗ ಹೊಸ ತೊಡಕು ಎದುರಾಯಿತು. ಅಪ್ಪನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿ ಸುಮಿತ್ರಾ. ಈಗ ಕಚೇರಿಯವರ ಪ್ರಕಾರ ನಿಜವಾಗಿಯೂ ಇಬ್ಬರು ತಾಯಂದಿರು! ಇಬ್ಬರೂ ಒಬ್ಬರೇ ಎಂದು ಅಜ್ಜಿ ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ಆ ಒಕ್ಕಣೆಯನ್ನು ಬರೆಯಲು ಕೂತ ನಾನು ಯಾವ ಹೆಸರನ್ನು ಮೊದಲು ಬರೆಯುವುದೆಂದು ತಿಳಿಯದೆ ಅರ್ಧ ದಿನ ಕಳೆದೆ. ಅಜ್ಜಿಯನ್ನು ಕೇಳಿದರೆ, "ಯಾವದರೆ ಬರಿ, ಬೇಗ ಮುಗಸು," ಎಂದಳು.

ಪ್ರಮಾಣ ಮಾಡಿಸುವ ಅಧಿಕಾರಿಯ ಕಚೇರಿ ಪುಚೊಂಗ್‌ನ ಅಂಗಡಿ ಸಾಲೊಂದರ ಮಹಡಿಯ ಮೇಲಿತ್ತು. ಅವರು ತಮಿಳರು. ಕಾಗದ ಓದಿ, ಅಜ್ಜಿಯನ್ನು ನೋಡಿ ನಕ್ಕರು. "ಆಂಟಿ, ರೆಂಡು ಪೇರುಮ್ ನೀಂಗದಾನಾ?"

"ಹೌದಪಾ, ಎರಡೂ ನಾನ," ಎಂದು ಅಜ್ಜಿ ಕನ್ನಡದಲ್ಲೇ ಹೇಳಿದಳು. "ಇಂವನ ಅವ್ವ ನಾನ. ಅದನ್ನ ದಪ್ಪ ಅಕ್ಷರದಾಗ ಬರಕೊ."

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು.

ಮೆಟ್ಟಿಲಿಳಿಯುವಾಗ ಅಜ್ಜಿಯ ತೋಳು ಹಿಡಿದಿದ್ದೆ. ತಡೆಯಲಾಗಲಿಲ್ಲ, ಹೇಳಿಯೇಬಿಟ್ಟೆ, "ನಿನ್ನ ಅತ್ತೆ ಇವತ್ತು ಇದ್ದಿದ್ದರೆ ನಾನು ಕೇಳ್ತಿದ್ದೆ ಅಜ್ಜಿ. ತನ್ನ ಹೆಸರು ಉಳಿಸಿಕೊಳ್ಳೋಕೆ ನಿನ್ನ ಹೆಸರು ಅಳಿಸಿದಳಲ್ಲ!"

ಅಜ್ಜಿ ಒಂದು ಮೆಟ್ಟಿಲು ಇಳಿದು ನಿಂತಳು. "ಅದು ಆಕಿ ಹೆಸರು ಎಲ್ಲಿತ್ತ? ಗೋದಾವರಿ ಅಂತ ಆಕಿಗೂ ಗಂಡನ ಮನಿಯವರ ಇಟ್ಟಿದ್ದು. ತವರಮನಿ ಹೆಸರು ಏನರಿ ಅಂತ ಒಮ್ಮೆ ಕೇಳಿದ್ದೆ. 'ಮರತೇನಿ' ಅಂದ್ರು. ಹಿಟ್ಟ ನಾದಕೋತ ಅಂದ್ರು, ಮಾರಿ ಎತ್ತಲಿಲ್ಲ."

ಆ ಹೆಂಗಸಿನ ತವರಿನ ಹೆಸರನ್ನು ಬರೆದಿಟ್ಟ ಸಂಪುಟವಿಲ್ಲ, ಪುಟವಿಲ್ಲ; ಕೇಳೋಣವೆಂದರೆ ನೆನಪಿರುವವರೂ ಇಲ್ಲ. ಅವಳ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ. ಹೆಸರು ಅಳಿಸಿದವರು ಉತ್ತರ ಕೊಡಬೇಕು ಎಂದು ಈಗಲೂ ನಂಬಿದ್ದೇನೆ. ಆದರೆ ಹುಡುಕಿಕೊಂಡು ಹೋದಷ್ಟೂ, ಅಳಿಸಿದ ಕೈಯೂ ಅಳಿಸಿಕೊಂಡವಳದೇ ಆಗಿ ಸಿಗುತ್ತದೆ. ಅಪ್ಪ ತಮ್ಮ ತಾಯಿಯ ಮುಖದಲ್ಲಿ ತಮ್ಮ ಮೂಗನ್ನು ಹುಡುಕಿದ ಆ ಮೂರು ದಿನಗಳಿಗೆ ಹೊಣೆ ಯಾರು ಎಂಬುದರಲ್ಲಿ ಮಾತ್ರ ನನಗೆ ಯಾವ ಗೊಂದಲವೂ ಇಲ್ಲ.