ಉಗುರುಬಣ್ಣ ಹಚ್ಚಿದ ಸ್ಕ್ರೂಗಳು

ನಾನು ಉಗುರಿಗೆ ಬಣ್ಣ ಹಚ್ಚುವುದು ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ನಮ್ಮ ಮನೆಯಲ್ಲಿ ಎರಡು ತಿಂಗಳಿಗೊಂದು ಕೆಂಪು ಸೀಸೆ ಖಾಲಿಯಾಗುತ್ತದೆ. ನನ್ನ ಗಂಡ ಬ್ಯಾಟರಿ ರಿಪೇರಿಯವರು. ಕರೆಂಟಿನ ತಂತಿ ಹೋಗದ ಕಡೆ ಸೋಲಾರ್, ಬ್ಯಾಟರಿ, ಚಾರ್ಜರ್ ಕೂರಿಸುವುದು ಅವರ ಕೆಲಸ. ಬಿಗಿದ ಪ್ರತಿ ಸ್ಕ್ರೂವಿನ ತಲೆಗೂ ಒಂದು ಹನಿ ಬಣ್ಣ ಹಚ್ಚುತ್ತಾರೆ. ಬೇರೆ ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಗೊತ್ತಾಗಬೇಕಂತೆ. ತಪ್ಪು ಯಾವಾಗಲೂ ಬೇರೆಯವರದೇ ಎನ್ನುವವರ ಬುದ್ಧಿ ಇದು ಎಂದು ನಾನು ಚುಡಾಯಿಸುತ್ತಿದ್ದೆ.

ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ಊರಾಚೆ ತಮ್ಮ ಮನೆಯ ಪಕ್ಕದಲ್ಲೇ ಕೋಳಿಮರಿ ಮಾಡಿಸುವ ಶೆಡ್ ನಡೆಸುತ್ತಿದ್ದರು. ಮೊಟ್ಟೆಯ ಪೆಟ್ಟಿಗೆಗಳು ಸದಾ ಬೆಚ್ಚಗಿರಬೇಕು. ಅದಕ್ಕೆ ಎಂಟು ದೊಡ್ಡ ಬ್ಯಾಟರಿ. ಕೂರಿಸಿದವರು ಇವರೇ. "ತಿಂಗಳಿಗೊಂದು ಸಲ ಡಿಸ್ಟಿಲ್ಡ್ ವಾಟರ್ ಹಾಕು ಅಕ್ಕ, ಅಷ್ಟೇ" ಎಂದಿದ್ದರು. ವರ್ಷ ತುಂಬುವ ಮೊದಲೇ ಎಂಟೂ ಕೈಕೊಟ್ಟವು, ಮುನ್ನೂರು ಮೊಟ್ಟೆ ತಣ್ಣಗಾದವು. ಇವರು ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಒಳಗೆಲ್ಲ ಒಣಗಿತ್ತು.

"ಒಂದು ತೊಟ್ಟು ನೀರಿಲ್ಲ! ಹಾಕೋದೇ ಮರೆತಿದ್ದೀಯ ಅಕ್ಕ. ವಯಸ್ಸಾಯ್ತು, ಇನ್ನು ಸೊಸೆಗೆ ವಹಿಸಿಬಿಡು."

ಕೆಲಸದವರೆಲ್ಲ ಅಲ್ಲೇ ನಿಂತಿದ್ದರು. "ಹಾಕಿದ ನೆನಪಿದೆಯಲ್ಲೋ..." ಎಂದರು ಅತ್ತಿಗೆ. ನಾನು ಸುಮ್ಮನಿರಬೇಕಿತ್ತು. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ ಅತ್ತಿಗೆ" ಎಂದು ನಕ್ಕುಬಿಟ್ಟೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದೇ ಅವರು ಶೆಡ್ಡಿನ ಬೀಗದಕೈ ಸೊಸೆಗೆ ಕೊಟ್ಟರು. ಆಮೇಲೆ ಹೋದಾಗಲೆಲ್ಲ ನೋಡುತ್ತಿದ್ದೆ. ಒಲೆ ಆರಿಸಿ ಬಂದವರು ಮತ್ತೆ ಹೋಗಿ ನೋಡುತ್ತಿದ್ದರು. ಹೇಳಿದ ಮಾತನ್ನೇ "ಹೇಳಿದ್ನಾ?" ಎಂದು ಕೇಳುತ್ತಿದ್ದರು. ಒಂದೇ ಮಾತಿಗೆ ಎದುರಿನವರ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಅವರು.

ಹೊಸ ಬ್ಯಾಟರಿಗಳಿಗೆ ಸೊಸೆ ನೀರು ಹಾಕಿ, ಗೋಡೆಯ ಮೇಲೆ ತಾರೀಖು ಬರೆದಿಡುತ್ತಿದ್ದಳು. ಎರಡನೇ ತಿಂಗಳಲ್ಲೇ ಫೋನ್ ಮಾಡಿದಳು. "ಮಾವ, ನೀರು ಹಾಕಿ ಹತ್ತು ದಿನ ಆಗಿಲ್ಲ, ಆಗಲೇ ತಳ ಕಂಡಿದೆ. ಬ್ಯಾಟರಿ ಮುಟ್ಟಿದ್ರೆ ಬಿಸಿ."

ಇಬ್ಬರೂ ಹೋದೆವು. ಇವರು ಮೀಟರ್ ಇಟ್ಟು ನೋಡಿದರು. ಚಾರ್ಜರ್ ಹಗಲಿಡೀ ಅತಿಯಾಗಿ ತುಂಬುತ್ತಿತ್ತು. ಅದರೊಳಗೊಂದು ತಿರುಗಿಸುವ ಗುಂಡಿಯಿದೆ. ಮೊದಲ ದಿನ ಅದನ್ನು ಜೋರಿಗೆ ಇಟ್ಟು, ಎಲ್ಲ ಬ್ಯಾಟರಿಗಳೂ ಒಂದೇ ಸಮ ತುಂಬಿದ ಮೇಲೆ ಮಾಮೂಲಿಗೆ ತಿರುಗಿಸಬೇಕು. ಮರೆತರೆ ದಿನವೂ ನೀರು ಆವಿಯಾಗಿ ಹೋಗುತ್ತದೆ.

"ಯಾರೋ ಕೈಯಾಡಿಸಿದ್ದಾರೆ" ಎನ್ನುತ್ತ ಸ್ಕ್ರೂಡ್ರೈವರ್ ಎತ್ತಿದವರು ಹಾಗೇ ನಿಂತರು. ಚಾರ್ಜರಿನ ಮುಚ್ಚಳದ ನಾಲ್ಕೂ ಸ್ಕ್ರೂಗಳ ಮೇಲೆ ಇವರ ಕೆಂಪು ಬಣ್ಣ ಮೊದಲ ದಿನ ಹಚ್ಚಿದ ಹಾಗೇ ಇತ್ತು, ಒಂದೂ ಒಡೆದಿರಲಿಲ್ಲ. ಬಿಚ್ಚಿದರು. ಗುಂಡಿ ಜೋರಿನ ಕಡೆಗೇ ಇತ್ತು. ಹೊಸ ಬ್ಯಾಟರಿ ಹಾಕಿದಾಗಲೂ ಅದನ್ನು ತೆರೆದು ನೋಡಿರಲಿಲ್ಲ. ಅಕ್ಕನ ತಪ್ಪು ಕೈಗೆ ಸಿಕ್ಕಿತ್ತಲ್ಲ.

"ತಿರುಗಿಸಿಟ್ಟು ಸುಮ್ಮನಾಗ್ಲಾ?" ಎಂದು ನನ್ನನ್ನೇ ಕೇಳಿದರು. ಹೂಂ ಎನ್ನುವ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಹೊರಬಂದರು, ಬಾಗಿಲಲ್ಲಿ ಒಂದು ಗಳಿಗೆ ನಿಂತು ಮತ್ತೆ ಒಳಗೆ ಹೋದರು. ಒಲೆ ನೋಡಲು. ಇವರು ಹಿಂದೆಯೇ ಹೋದರು.

"ಅಕ್ಕ, ತಪ್ಪು ನಂದು. ಚಾರ್ಜರನ್ನ ನಾನೇ ಸರಿಯಾಗಿ ಇಟ್ಟಿರಲಿಲ್ಲ. ನೀನು ನೀರು ಹಾಕಿದ್ದೆ."

"ಹಾಕಿದ್ನಾ?"

"ಹಾಕಿದ್ದೆ ಅಕ್ಕ."

"ಪ್ರತಿ ತಿಂಗಳೂ?"

ಇವರು ಹೌದೆಂದು ತಲೆಯಾಡಿಸಿದರು. ಅತ್ತಿಗೆ ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. "ಅವತ್ತು ಎಲ್ಲರ ಮುಂದೆ ಅಂದೆ. ಇದನ್ನೂ ಎಲ್ಲರ ಮುಂದೆ ಹೇಳು" ಎಂದರು, ಅಷ್ಟೇ.

ಇವರು ಕೆಲಸದವರನ್ನು ಕರೆದು ಹೇಳಿದರು. ನನ್ನ ಪಾಲಿನದನ್ನು ನಾನೂ ಹೇಳಿದೆ. ಸೊಸೆ ಬೀಗದಕೈ ತೆಗೆದು ಅತ್ತೆಯ ಮುಂದೆ ಹಿಡಿದಳು. ಅತ್ತಿಗೆ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು.

"ನಿನ್ನ ಹತ್ರಾನೇ ಇರಲಿ ಕಣಮ್ಮ. ಬ್ಯಾಟರಿದು ಗೊತ್ತಾಯ್ತು. ಒಲೆದು ನಂಗಿನ್ನೂ ಗೊತ್ತಿಲ್ಲ."