ರಿಮ್ಯಾಂಡ್ ಹೋಮಿನ ಫೋಟೋ ಮೇಷ್ಟ್ರು
ನಮ್ಮ ರಿಮ್ಯಾಂಡ್ ಹೋಮಿನ ಹುಡುಗರಿಗೆ ಫೋಟೋ ತೆಗೆಯುವುದನ್ನು ಕಲಿಸಲು ಬರುವ ಮೇಷ್ಟ್ರಿಗೆ ಎಡಗಣ್ಣು ಇರುವುದು ಹೆಸರಿಗೆ ಮಾತ್ರ. ಊಟಕ್ಕೆ ಕೂತಾಗಲೂ ಕ್ಯಾಮೆರಾದಲ್ಲಿ ನೋಡುವವರ ಹಾಗೆ ಅದನ್ನು ಮುಚ್ಚಿಕೊಂಡೇ ತಟ್ಟೆ ನೋಡುತ್ತಾರೆ. ಅರ್ಧ ಆಯಸ್ಸು ಮದುವೆ ಮನೆಗಳಲ್ಲಿ ಫೋಟೋ ತೆಗೆದವರಾದ್ದರಿಂದ ಯಾರನ್ನು ಕಂಡರೂ ಅವರ ಕೈ ಎದುರಿಗಿದ್ದವರ ಗದ್ದಕ್ಕೆ ಹೋಗುತ್ತದೆ. ತಪಾಸಣೆಗೆ ಬಂದ ನ್ಯಾಯಾಧೀಶರ ಗದ್ದವನ್ನೂ ಹಿಡಿದು, "ಸ್ವಲ್ಪ ಮೇಲೆ ಸಾರ್, ಕತ್ತು ಕಾಣ್ತಿಲ್ಲ" ಎಂದುಬಿಟ್ಟರು. ಬೀಗ ಮುರಿದವನಿರಲಿ, ಬೈಕು ಹಾರಿಸಿದವನಿರಲಿ, ಅವರ ಲೆಕ್ಕದಲ್ಲಿ ಇರುವುದು ಎರಡೇ ಜಾತಿ: ಕ್ಯಾಮೆರಾ ಹಿಡಿದಾಗ ಕೈ ನಡುಗುವವರು, ನಡುಗದವರು. "ಏನ್ ಮಾಡಿ ಒಳಗೆ ಬಂದೆ ಅಂತ ನಾನು ಕೇಳಲ್ಲಪ್ಪ, ಮೊದಲು ಬಿಸಿಲಿಗೆ ಬೆನ್ನು ಕೊಟ್ಟು ನಿಂತ್ಕೋ" ಎನ್ನುತ್ತಾರೆ. ಕ್ಯಾಮೆರಾ ಕೈತಪ್ಪಿ ಬಿದ್ದರೆ ಹುಡುಗನನ್ನು ಬಿಟ್ಟು ನೆಲವನ್ನು ಬೈಯುತ್ತಾರೆ. ಮೊನ್ನೆ ಮನೆಯವರ ಭೇಟಿಯ ದಿನ, ತಾಯಿ ಬಂದಾಗಲೆಲ್ಲ ತಲೆ ತಗ್ಗಿಸಿಕೊಂಡೇ ಕೂತು ಎದ್ದುಹೋಗುತ್ತಿದ್ದ ಹುಡುಗನೊಬ್ಬನ ಕೈಗೆ ಕ್ಯಾಮೆರಾ ಕೊಟ್ಟು, "ಅಮ್ಮಂದು ಒಂದು ತೆಗಿಯೋ" ಎಂದರು. ಕ್ಯಾಮೆರಾವನ್ನು ಕಣ್ಣಿಗಿಟ್ಟವನು ಇಳಿಸಲೇ ಇಲ್ಲ. ತಾಯಿಯೂ ಕೂದಲು ಸರಿಮಾಡಿಕೊಂಡು, ಕದಲದೆ ಅವನತ್ತಲೇ ನೋಡುತ್ತ ಕೂತರು. "ಟೈಮಾಯ್ತು, ಒಂದು ಫೋಟೋಗೆ ಎಷ್ಟೊತ್ತು ಸಾರ್?" ಎಂದು ಕಾವಲುಗಾರ ಗೊಣಗಿದ. ಮೇಷ್ಟ್ರು ಅವನಿಗೆ ಅಡ್ಡ ನಿಂತು, "ಇರಪ್ಪಾ, ಇನ್ನೂ ಫೋಕಸ್ ಆಗಿಲ್ಲ" ಎಂದರು. ಆ ಕ್ಯಾಮೆರಾದಲ್ಲಿ ಫೋಕಸ್ ತಾನಾಗಿಯೇ ಆಗುತ್ತದೆ. ಅದು ಕಾವಲುಗಾರನಿಗೂ ಗೊತ್ತಿತ್ತು. ಅವನು ಹೋಗಿ ತನ್ನ ಸ್ಟೂಲಿನ ಮೇಲೆ ಕೂತ.